ಅಜ್ಜಿಮನೆ ಗುಂಪಿನಲ್ಲಿ ರಕ್ತಪಿಶಾಚಿಯ ಆತ್ಮ

ಅನಘಾ: ಎಲ್ಲರಿಗೂ ನಮಸ್ಕಾರ. ಶುಕ್ರವಾರ ತರಗತಿಯಲ್ಲಿ ನಾನು ಮಾತಾಡಬೇಕು. ವ್ಯಾಂಪೈರ್ ಕಥೆಗಳಲ್ಲಿ ಆತ್ಮ ಅನ್ನೋದು ವಿಷಯ. ಬರೆದುಕೊಂಡ ಮೊದಲ ಪುಟದ ಫೋಟೋ ಹಾಕಿದ್ದೇನೆ. ಓದಿ ಹೇಳಿ.

ಗೀತಾ ಚಿಕ್ಕಮ್ಮ: ಬೆಳಗ್ಗೆ ಎದ್ದ ಕೂಡಲೇ ರಕ್ತ ಕುಡಿಯುವ ಪಿಶಾಚಿ ಯಾಕೆ ಪುಟ್ಟಿ? ಈ ಫೋನು ಮಕ್ಕಳ ಕೈಗೂ ಹೋಗುತ್ತದೆ.

ಶ್ರೀಧರ ಮಾವ: ಓದಿದೆ. ಮೊದಲ ಸಾಲೇ ತಪ್ಪು. "ಆತ್ಮ ಕಳೆದುಕೊಂಡ ದೇಹವೇ ರಕ್ತಪಿಶಾಚಿ" ಎಂದು ಬರೆದಿದ್ದೀಯ. ಆತ್ಮವನ್ನು ಶಸ್ತ್ರ ಕತ್ತರಿಸುವುದಿಲ್ಲ, ಬೆಂಕಿ ಸುಡುವುದಿಲ್ಲ ಅಂತ ಗೀತೆಯ ಎರಡನೇ ಅಧ್ಯಾಯದಲ್ಲೇ ಇದೆ. ಅಂಥದ್ದನ್ನು ಎರಡು ಹಲ್ಲು ಕಿತ್ತುಕೊಂಡು ಹೋಗುತ್ತವೆಯೇ?

ಅನಘಾ: ಮಾವ, ಅದು ಅವರ ಕಥೆ. ಕ್ರೈಸ್ತ ನಂಬಿಕೆಯ ಮೇಲೆ ನಿಂತದ್ದು. ಅಲ್ಲಿ ಆತ್ಮಕ್ಕೆ ಶಾಶ್ವತವಾದ ಶಿಕ್ಷೆಯೂ ಇದೆ.

ರಘು: ಆ ಕಥೆಗಳಲ್ಲಿ ಹೆಸರಾದ ಡ್ರಾಕುಲಾ ಕಾದಂಬರಿ ಬರೆದವರು ನಾನಿರುವ ಡಬ್ಲಿನ್ನಿನವರೇ ಮಾವ, ಬ್ರಾಮ್ ಸ್ಟೋಕರ್. ಕ್ಲಾಂಟಾರ್ಫ್ ಅಂತ ಸಮುದ್ರದ ಪಕ್ಕದ ಜಾಗ, 1847ರಲ್ಲಿ ಅಲ್ಲಿ ಹುಟ್ಟಿದ್ದು. ಡ್ರಾಕುಲಾ ಬಂದದ್ದು 1897ರಲ್ಲಿ.

ಶ್ರೀಧರ ಮಾವ: ಎಲ್ಲಿ ಹುಟ್ಟಿದರೂ ಸರಿ ರಘು. ನಾನು ಹೇಳುತ್ತಿರುವುದು ಕನ್ನಡದ ಪದದ ಬಗ್ಗೆ. ಅವರು ಕಳೆದುಕೊಂಡದ್ದಕ್ಕೆ ನಮ್ಮ "ಆತ್ಮ" ಎಂಬ ಹೆಸರು ಯಾಕೆ ಕೊಡಬೇಕು? ಅದು ಕಳೆಯುವ ವಸ್ತುವೇ ಅಲ್ಲ.

ಅನಘಾ: ಹಾಗಾದರೆ ಕಳೆದದ್ದು ಏನು? ಒಂದು ದೃಶ್ಯ ಹೇಳುತ್ತೇನೆ. ಜೊನಾಥನ್ ಹಾರ್ಕರ್ ಕೌಂಟ್ ಡ್ರಾಕುಲಾನ ಕೋಟೆಯಲ್ಲಿ ಅತಿಥಿ. ಕಿಟಕಿ ಪಕ್ಕ ಚಿಕ್ಕ ಕನ್ನಡಿ ತೂಗುಹಾಕಿ ಗಡ್ಡ ಮಾಡಿಕೊಳ್ಳುತ್ತಿದ್ದಾನೆ. ಹೆಗಲ ಮೇಲೆ ಕೈ ಬೀಳುತ್ತದೆ. ಬೆಚ್ಚಿಬಿದ್ದು ಸ್ವಲ್ಪ ಗೀರಿಕೊಳ್ಳುತ್ತಾನೆ. ಕೌಂಟ್ ಹಿಂದೆಯೇ ನಿಂತಿದ್ದಾನೆ, ಕನ್ನಡಿಯಲ್ಲಿ ಇಲ್ಲ. ಇಡೀ ಕೋಣೆ ಕಾಣುತ್ತದೆ, ಅವನೊಬ್ಬ ಮಾತ್ರ ಇಲ್ಲ. ಆಮೇಲೆ ಅವನು ಆ ಕನ್ನಡಿಯನ್ನು ಕಿಟಕಿಯಿಂದ ಎಸೆದುಬಿಡುತ್ತಾನೆ. ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಭಯವಾದದ್ದು ಇಲ್ಲೇ. ಕಚ್ಚುವ ಕಡೆ ಅಲ್ಲ.

ಶ್ರೀಧರ ಮಾವ: ಈಗ ಬಂತು ನೋಡು ಮಾತು. ಅದ್ವೈತದಲ್ಲೂ ಕನ್ನಡಿಯೇ ಉದಾಹರಣೆ. ಆತ್ಮ ಸೂರ್ಯ ಇದ್ದ ಹಾಗೆ. ಅದರ ಬೆಳಕು ಬೀಳುವ ಕನ್ನಡಿ ಅಂತಃಕರಣ. ಕನ್ನಡಿಗೆ ಮಸಿ ಹಿಡಿದರೆ ಸೂರ್ಯ ಹೋದ ಅಂತಲ್ಲ. ಇನ್ನು ಮನೆಮಾತು ನೋಡು. ಯಾರಾದರೂ ಕರುಣೆ ಇಲ್ಲದೆ ನಡೆದುಕೊಂಡರೆ "ಅಂತಃಕರಣ ಇಲ್ಲದವನು" ಎನ್ನುತ್ತೇವೆ. ಆತ್ಮ ಇಲ್ಲದವನು ಅನ್ನುವುದಿಲ್ಲ. ನಿನ್ನ ಪಿಶಾಚಿ ಕಳೆದುಕೊಂಡದ್ದು ಅಂತಃಕರಣ. ಪದ ನಮ್ಮ ಬಾಯಲ್ಲೇ ಇತ್ತು.

ರಘು: ಮಾವ, ಇದು ವ್ಯಾಂಪೈರ್‌ಗಳನ್ನು ಬೇಟೆಯಾಡುವ ಹುಡುಗಿಯ ಕಥೆ, ಬಫಿ ಅನ್ನೋ ಟಿವಿ ಧಾರಾವಾಹಿಗೆ ಸರಿಯಾಗಿ ಕೂರುತ್ತದೆ. 1997ರಿಂದ 2003ರವರೆಗೆ ಬಂತಲ್ಲ, ಅದು. ಏಂಜೆಲ್ ಅಂತ ಒಬ್ಬ ವ್ಯಾಂಪೈರ್. ರೋಮಾನಿ ಪಂಗಡದ ಹುಡುಗಿಯನ್ನು ಕೊಂದ. ಅವರು ಅವನನ್ನು ಕೊಲ್ಲಲಿಲ್ಲ, ಅವನ ಆತ್ಮವನ್ನು ವಾಪಸ್ ಕೊಟ್ಟರು. ಅದೇ ಶಾಪ. ಮಾಡಿದ್ದೆಲ್ಲ ನೆನಪಿತ್ತು, ಈಗ ಅದು ಸುಡೋಕೆ ಶುರುವಾಯಿತು. ಇನ್ನೊಬ್ಬ ಸ್ಪೈಕ್. ಅವನು ಆತ್ಮ ಇಲ್ಲದಿದ್ದರೂ ಬಫಿಯನ್ನು ಪ್ರೀತಿಸಿದ, ಆಮೇಲೆ ತಾನೇ ಹೊರಟು ಹೋಗಿ, ಹಿಂಸೆ ತಡೆದುಕೊಂಡು ಆತ್ಮ ಪಡೆದ. ಇಲ್ಲದ್ದು ಬೇಕು ಅಂತ ಅವನಿಗೆ ಹೇಳಿಕೊಟ್ಟವರು ಯಾರು? ಒಳಗೆ ಏನೋ ಉಳಿದಿರಲೇಬೇಕಲ್ವಾ?

ಶ್ರೀಧರ ಮಾವ: ಆ ಉಳಿದದ್ದೇ ಆತ್ಮ. ಮುಗಿಯಿತು.

ಅನಘಾ: ಮುಗಿಯಲಿಲ್ಲ ಮಾವ, ಕ್ಷಮಿಸಿ. ಸ್ಟೋಕರ್ ಪುಸ್ತಕದಲ್ಲಿ ಹಾರ್ಕರನ ಹೆಂಡತಿ ಮೀನಾ ಇದ್ದಾಳೆ. ಡ್ರಾಕುಲಾ ಅವಳಿಗೆ ತನ್ನ ರಕ್ತ ಕುಡಿಸಿದ್ದಾನೆ. ಅವಳನ್ನು ಕಾಯಲು ಅಂತಲೇ ಚರ್ಚಿನ ಪವಿತ್ರ ರೊಟ್ಟಿಯನ್ನು ಹಣೆಗೆ ಮುಟ್ಟಿಸುತ್ತಾರೆ. ಚರ್ಮ ಸುಟ್ಟು ಗುರುತು ಬೀಳುತ್ತದೆ. ಆದರೆ ಅವಳ ಅಂತಃಕರಣ ಒಂದಿಷ್ಟೂ ಕಡಿಮೆಯಾಗಿಲ್ಲ. ತನ್ನನ್ನು ಹಾಳು ಮಾಡಿದವನ ಮೇಲೂ ಕರುಣೆ ಇರಲಿ ಎಂದು, ಅವನನ್ನು ಕೊಲ್ಲಲು ಹೊರಟ ಗಂಡಸರಿಗೆ ಹೇಳುವವಳು ಅವಳೇ. ಎಲ್ಲರಿಗಿಂತ ದುಃಖದ ಸ್ಥಿತಿ ಅವನದು ಅನ್ನುತ್ತಾಳೆ. ಕರುಣೆ ತುಂಬಿದ್ದರೂ ಹಣೆಯ ಗುರುತು ಹೋಗುವುದಿಲ್ಲ, ಅವನು ಸಾಯುವ ತನಕ. ನಿಮ್ಮ ಲೆಕ್ಕದಲ್ಲಿ ಮೀನಾ ಎಲ್ಲಿ ಕೂರುತ್ತಾಳೆ?

(ಹದಿನೈದು ನಿಮಿಷ ಯಾರೂ ಬರೆಯಲಿಲ್ಲ.)

ಶ್ರೀಧರ ಮಾವ: ಕೂರುವುದಿಲ್ಲ. ಒಪ್ಪಿದೆ. ಅವರ ಪದದೊಳಗೆ ಎರಡು ಸೇರಿಕೊಂಡಿವೆ. ಒಂದು ಕರುಣೆ, ಇನ್ನೊಂದು ದೇವರ ಮುಂದೆ ನಿಲ್ಲುವ ಯೋಗ್ಯತೆ. ಎರಡನೆಯದಕ್ಕೆ ನನ್ನ ಹತ್ತಿರ ಪದ ಇಲ್ಲ. ಆದರೆ ಮೊದಲ ಸಾಲು ಬದಲಾಯಿಸು. ಏಂಜೆಲ್‌ಗೆ ಅಂತಃಕರಣ ಅಂತ ಬರೆ. ಮೀನಾ ಬಗ್ಗೆ ಬೇರೆ ಪ್ಯಾರಾ ಮಾಡು, ಎರಡನ್ನೂ ಬೆರೆಸಬೇಡ.

ಅನಘಾ: ಬದಲಾಯಿಸುತ್ತೇನೆ. ಕೊನೆಯಲ್ಲಿ ಡ್ರಾಕುಲಾ ಮಣ್ಣಾಗುವ ಹೊತ್ತಿಗೆ ಅವನ ಮುಖದಲ್ಲೂ ಒಂದು ಶಾಂತಿ ಬಂತು ಅಂತ ಬರೆಯುವವಳು ಮೀನಾನೇ ಮಾವ. ಅಲ್ಲಿ ಒಳಗೆ ಏನೋ ಸಿಕ್ಕಿಹಾಕಿಕೊಂಡಿತ್ತು. ನಿಮ್ಮ ಮಾತೂ ಪೂರ್ತಿ ತಪ್ಪಲ್ಲ.

ಗೀತಾ ಚಿಕ್ಕಮ್ಮ: ಒಂದು ಕೇಳಲಾ? ಅವನು ಯಾರ ಮನೆಗಾದರೂ ಹೋಗಬಹುದಾ?

ಅನಘಾ: ಇಲ್ಲ ಚಿಕ್ಕಮ್ಮ. ಮೊದಲ ಸಲ ಮನೆಯವರು ಯಾರಾದರೂ ಕರೆಯಲೇಬೇಕು. ಒಮ್ಮೆ ಕರೆದರೆ ಆಮೇಲೆ ಯಾವಾಗ ಬೇಕಾದರೂ ಬರುತ್ತಾನೆ.

ಗೀತಾ ಚಿಕ್ಕಮ್ಮ: ಹಾಗಾದರೆ ನಮ್ಮ "ನಾಳೆ ಬಾ" ಬೇರೆ ಥರ. ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಆ ಗುಲ್ಲು ಎದ್ದಿತ್ತು. ದೆವ್ವ ರಾತ್ರಿ ಬಂದು ಗೊತ್ತಿರುವವರ ದನಿಯಲ್ಲಿ ಕೂಗುತ್ತದೆ, ಬಾಗಿಲು ತೆರೆದರೆ ಕಥೆ ಮುಗಿಯಿತು ಅಂತ. ಬೀದಿಯ ಬಾಗಿಲುಗಳ ಮೇಲೆಲ್ಲ "ನಾಳೆ ಬಾ" ಅಂತ ಬರೆದಿದ್ದರು. ಓದಿಕೊಂಡು ವಾಪಸ್ ಹೋಗಲಿ ಅಂತ. ನಾನು ಹಸಿ ಬಾಣಂತಿ. ಸೀಮೆಸುಣ್ಣದಲ್ಲಿ ನಾನೇ ಬರೆದೆ, ಕೈ ನಡುಗಿ "ಳೆ" ಸೊಟ್ಟಗೆ ಬಂತು. ಬಾಣಂತನಕ್ಕೆ ಅಮ್ಮ ಬಂದಿದ್ದರು. ಬೈದರು. ದಿನಾ ನಾಳೆ ನಾಳೆ ಅಂತ ಸುಳ್ಳು ಹೇಳಿ ಕಳಿಸುತ್ತೀರಲ್ಲ, ಪಾಪ, ಅದಕ್ಕೂ ಹಸಿವಿಗೇ ಅಲ್ವಾ ಅಲೆಯುವ ಗತಿ ಬಂದಿರೋದು ಅಂತ. ಅವತ್ತಿಂದ ರಾತ್ರಿ ಬಾಳೆಎಲೆಯ ತುಂಡಿನ ಮೇಲೆ ಒಂದು ತುತ್ತು ಮೊಸರನ್ನ ಇಟ್ಟು ಮಲಗುತ್ತಿದ್ದರು. ಬೆಳಗ್ಗೆ ಎಲೆ ಖಾಲಿ. ಯಾರು ತಿಂದರು ಅಂತ ಅಮ್ಮ ಒಂದು ದಿನವೂ ಕೇಳಲಿಲ್ಲ.

ಶ್ರೀಧರ ಮಾವ: ಗೀತಾ, ಇದು ನನಗೆ ಗೊತ್ತೇ ಇರಲಿಲ್ಲ.

ಗೀತಾ ಚಿಕ್ಕಮ್ಮ: ನೀನು ಆಗ ಊರಲ್ಲಿದ್ದೆ ಅಣ್ಣ.

ಅನಘಾ: ಚಿಕ್ಕಮ್ಮ, ಇದನ್ನು ಶುಕ್ರವಾರ ಹೇಳಲಾ? ಮೀನಾ ಪಕ್ಕದಲ್ಲಿ ಅಜ್ಜಿಯನ್ನು ಇಡಬೇಕು ಅನ್ನಿಸುತ್ತಿದೆ. ಅಜ್ಜಿ ಆ ಎಲೆ ಇಡುತ್ತಿದ್ದದ್ದು ಎಲ್ಲಿ?

ಗೀತಾ ಚಿಕ್ಕಮ್ಮ: ಹೇಳು ಪುಟ್ಟಿ. ಹೊಸ್ತಿಲಿನ ಆಚೆ, ಮೆಟ್ಟಿಲ ಮೇಲೆ. ಇಟ್ಟು ಒಳಗೆ ಬಂದು ಅಗುಳಿ ಹಾಕುತ್ತಿದ್ದರು. ಮತ್ತೆ ಬೆಳಕು ಹರಿಯುವ ತನಕ ಯಾರೇ ಕೂಗಿದರೂ ತೆಗೆಯುತ್ತಿರಲಿಲ್ಲ.