ನನ್ನ ತಮ್ಮ ಸೈನ್ಯಕ್ಕೆ ಸೇರ್ತಾನಂತೆ, ಸಭೆಯಲ್ಲಿ ಎರಡು ಮಾತು. ನಾವು ಕ್ರೈಸ್ತರು ಇದನ್ನು ಹೇಗೆ ನೋಡಬೇಕು?

ಬೆಟಗೇರಿ ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ಬೆಟಗೇರಿಯವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ತಮ್ಮನಿಗೆ ಈಗ 19. ಅಗ್ನಿವೀರ ಭರ್ತಿಗೆ ಜೋರು ತಯಾರಿ ನಡೆಸಿದ್ದಾನೆ. ನಸುಕಿನಲ್ಲೇ ಎದ್ದು 1600 ಮೀಟರ್ ಓಡುತ್ತಾನೆ. ಹಿತ್ತಲಲ್ಲಿ ಎರಡು ಕಂಬದ ನಡುವೆ ಕಬ್ಬಿಣದ ಪೈಪು ಕಟ್ಟಿಕೊಂಡು ಜೋತಾಡುತ್ತಾನೆ. ಅದಕ್ಕಾಗಿ ಬಟ್ಟೆ ಒಣಹಾಕೋ ಹಗ್ಗ ಬಿಚ್ಚಿದ್ದಾನೆ ಅಂತ ಅವ್ವನ ಜೊತೆ ದಿನಾ ಜಗಳ.

ಹೋದ ವಾರ ಯೌವನಸ್ಥರ ಕೂಟದಲ್ಲಿ ಸಭೆಯ ಹಿರಿಯರೊಬ್ಬರು ಎಲ್ಲರ ಎದುರಿಗೇ, "ಕೊಲ್ಲಬೇಡ ಅಂತ ಆಜ್ಞೆ ಇರುವಾಗ ಬಂದೂಕು ಹಿಡಿಯೋಕೆ ಹೊರಟಿದ್ದೀಯಲ್ಲಪ್ಪ" ಎಂದರು. ಇನ್ನೊಬ್ಬರು ಎದ್ದು ನಿಂತು, "ದೇಶಸೇವೆಯೇ ದೇವರ ಸೇವೆ, ನೀನು ಹೋಗು" ಎಂದರು. ಅವರಿಬ್ಬರಿಗೂ ಮೊದಲೇ ಅಷ್ಟಕ್ಕಷ್ಟೇ, ಅದು ಬೇರೆ ಮಾತು. ತಮ್ಮ ಮಾತ್ರ ಗೊಂದಲಕ್ಕೆ ಬಿದ್ದಿದ್ದಾನೆ.

ಅವ್ವನದು ಬೇರೆಯೇ ಲೆಕ್ಕ. "ಮನೆಯಲ್ಲಿ ಒಬ್ಬ ಫೌಜಿ ಇದ್ದರೆ ಓಣಿಯವರು ಯಾರೂ ನಮ್ಮನ್ನ 'ನೀವು ಹೊರದೇಶದ ಧರ್ಮದವರು' ಅನ್ನೋದಿಲ್ಲ" ಅನ್ನುತ್ತಾಳೆ. ಬೇರೆ ಸಭೆಯವರೂ ಹೇಳಿ, ನಿಮ್ಮಲ್ಲಿ ಇದನ್ನು ಹೇಗೆ ನೋಡುತ್ತಾರೆ?

ಸತ್ಯವಾಕ್ಯ

ಇದರಲ್ಲಿ ಗೊಂದಲ ಏನಿದೆ? ರೋಮಾಪುರದವರಿಗೆ ಬರೆದ ಪತ್ರಿಕೆ 13ನೇ ಅಧ್ಯಾಯ ಓದಿ. ಅಧಿಕಾರ ದೇವರಿಂದ ಬಂದದ್ದು, ಅಧಿಕಾರಿ ಸುಮ್ನೆ ಕತ್ತಿ ಹಿಡಿದಿಲ್ಲ. ಸರ್ಕಾರ ಹೇಳಿದಂತೆ ನಡೆಯಬೇಕು. ಮುಗೀತು.

ಸ್ಯಾಪರ್ ಹವಾಲ್ದಾರ್ (ನಿವೃತ್ತ)

ಮುಗಿಯಲಿಲ್ಲ ಸರ್. ಅಷ್ಟು ಸಲೀಸಾಗಿದ್ದರೆ ನಾನು ರಾತ್ರಿ ನಿದ್ದೆಗೆಟ್ಟು ಕೂತದ್ದು ಯಾಕೆ?

ತಂಗಿ, ನಾನು ಬೆಂಗಳೂರಿನ ಎಂಇಜಿಯಲ್ಲಿ, ಅಂದರೆ ಸೈನ್ಯದ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿ ಇದ್ದವನು. ಹುಟ್ಟಿನಿಂದ ಕ್ರೈಸ್ತ. ಬೈಬಲ್ಲಿನಲ್ಲಿ ಸಿಪಾಯಿಗಳು ಬಂದಾಗೆಲ್ಲ ನಾನು ನಿಂತು ಓದುತ್ತೇನೆ. ಲೂಕ 3ರಲ್ಲಿ ಅವರು ಸ್ನಾನಿಕ ಯೋಹಾನನ ಹತ್ತಿರ ಬಂದು ನಾವೇನು ಮಾಡಬೇಕು ಅಂತ ಕೇಳುತ್ತಾರೆ. ಆತ ಕೆಲಸ ಬಿಡಿ ಅನ್ನಲಿಲ್ಲ. ಜನರನ್ನು ಹೆದರಿಸಿ ದುಡ್ಡು ಕೀಳಬೇಡಿ, ಸಂಬಳ ಸಾಕು ಅಂತ ತಿಳಿದುಕೊಳ್ಳಿ ಎಂದ. ಕೊರ್ನೇಲಿ ಶತಾಧಿಪತಿ, ಅಂದರೆ ನೂರು ಸಿಪಾಯಿಗಳ ಮೇಲಿನ ರೋಮನ್ ಅಧಿಕಾರಿ. ಪೇತ್ರ ಅವನ ಮನೆಗೇ ಹೋಗಿ ದೀಕ್ಷಾಸ್ನಾನ ಕೊಡಿಸಿದ. ಹಾಗಾಗಿ ಸೈನ್ಯಕ್ಕೆ ಹೋದವನು ಕ್ರೈಸ್ತನೇ ಅಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ.

ಆದರೆ ಒಳಗೆ ಹೋದ ಮೇಲೆ ಪ್ರಶ್ನೆ ಶುರುವಾಗುತ್ತೆ. 2001ರ ಡಿಸೆಂಬರಿನಲ್ಲಿ ಪಾರ್ಲಿಮೆಂಟಿನ ಮೇಲೆ ದಾಳಿ ಆಯಿತಲ್ಲ, ಆಮೇಲೆ ಆಪರೇಷನ್ ಪರಾಕ್ರಮ ಅಂತ ಸೈನ್ಯವನ್ನು ಪಾಕಿಸ್ತಾನದ ಗಡಿಗೆ ತಂದು ನಿಲ್ಲಿಸಿದರು. ಗಡಿಯುದ್ದಕ್ಕೂ ಮೈನ್, ಅಂದರೆ ನೆಲಬಾಂಬು ಹೂಳಿದರು. ಆ ಕೆಲಸ ಸ್ಯಾಪರ್‌ಗಳದ್ದು. ನಾವು ಹೂಳಿದ್ದು ಗೋಧಿ ಹೊಲದಲ್ಲಿ. ಪೈರು ಮೊಣಕಾಲುದ್ದ ಇತ್ತು. ಹೊಲದವನು ಬದುವಿನ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ, ಬೈಯಲೂ ಇಲ್ಲ. ನಾವು ಒಂದೊಂದು ಮೈನ್ ಇಟ್ಟು, ನಕ್ಷೆಯಲ್ಲಿ ಗುರುತು ಹಾಕಿ, ಮಣ್ಣು ಮುಚ್ಚಿ ಮುಂದೆ ಹೋಗುತ್ತಿದ್ದೆವು. ಯುದ್ಧ ಆಗಲಿಲ್ಲ. ಆಮೇಲೆ ಅದನ್ನೆಲ್ಲ ತೆಗೆಯುವಾಗ ನಮ್ಮ ಸೈನ್ಯದವರೇ ಕೈಕಾಲು ಕಳೆದುಕೊಂಡರು, ಜೀವ ಕೊಟ್ಟರು. ಹಳ್ಳಿಯವರೂ ಕೂಡ. ಮೈನ್‌ಗೆ ಯಾರ ಕಾಲು ಅಂತ ಗೊತ್ತಾಗಲ್ಲ. ಮೈನ್ ನಿಷೇಧದ 1997ರ ಒಪ್ಪಂದಕ್ಕೆ ವ್ಯಾಟಿಕನ್ ಸಹಿ ಹಾಕಿದೆ, ನಮ್ಮ ದೇಶ ಹಾಕಿಲ್ಲ. ಪಾಕಿಸ್ತಾನವೂ ಇಲ್ಲ, ಚೀನಾವೂ ಇಲ್ಲ. ಸರ್ಕಾರಕ್ಕೆ ಅದರದೇ ಕಾರಣ ಇದೆ, ನನಗೂ ಅರ್ಥ ಆಗುತ್ತೆ. ಆದರೆ ಸತ್ಯವಾಕ್ಯ ಸರ್, ನೀವು ಹೇಳೋ 13ನೇ ಅಧ್ಯಾಯ ಆ ಬದುವಿನ ಮೇಲೆ ಕೂತವನಿಗೆ ಏನು ಹೇಳುತ್ತೆ?

ತಮ್ಮ ಹೋಗಲಿ ತಂಗಿ. ಕಣ್ಣು ಬಿಟ್ಟುಕೊಂಡು ಹೋಗಲಿ.

ಬಲ್ಮಠದವ

ಅಕ್ಕ, ನಾನು ನಿಮ್ಮ ಅವ್ವನ ಮಾತನ್ನೇ ಮೊದಲು ಹಿಡಿದುಕೊಳ್ಳುತ್ತೇನೆ. ಹಿರಿಯರ ಜಗಳಕ್ಕಿಂತ ಅದೇ ನನ್ನನ್ನು ಜಾಸ್ತಿ ಕಾಡಿತು. ನಾವು ಈ ದೇಶದವರು ಅಂತ ತೋರಿಸೋಕೆ ಮಗ ಯೂನಿಫಾರ್ಮ್ ಹಾಕಬೇಕು ಅನ್ನೋದು.

ನಮ್ಮ ಹಳೇ ಮನೆಯ ಮಾಡಿನಲ್ಲಿ ಎರಡು ಥರದ ಹಂಚುಗಳಿವೆ. ಮಳೆಗಾಲಕ್ಕೆ ಮುಂಚೆ ಹಂಚು ಬದಲಿಸುವಾಗ ಮಗುಚಿ ನೋಡಿದರೆ ಕೆಲವದರ ಬೆನ್ನಿಗೆ ಬಾಸೆಲ್ ಮಿಷನ್ ಅಂತ ಅಚ್ಚು, ಕೆಲವದರ ಬೆನ್ನಿಗೆ ಕಾಮನ್‌ವೆಲ್ತ್ ಟ್ರಸ್ಟ್ ಅಂತ. ನನ್ನ ಮುತ್ತಜ್ಜ ಮಂಗಳೂರಿನ ಜೆಪ್ಪು ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹದ ಮಾಡುತ್ತಿದ್ದವರು. ಎರಡೂ ಅಚ್ಚಿನ ಕಾಲದಲ್ಲಿ ಅವರೇ ಇದ್ದರು. ಮಧ್ಯದಲ್ಲಿ ಆದದ್ದು ಮೊದಲ ಮಹಾಯುದ್ಧ.

ಬಾಸೆಲ್ ಇರೋದು ಸ್ವಿಟ್ಜರ್ಲೆಂಡಿನಲ್ಲಿ. ಆದರೆ ಅಲ್ಲಿಂದ 1834ರಿಂದ ಮಂಗಳೂರಿಗೆ ಬಂದ ಮಿಷನರಿಗಳಲ್ಲಿ ಹೆಚ್ಚಿನವರು ಜರ್ಮನರು. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ ಮೋಗ್ಲಿಂಗ್ ಜರ್ಮನ್. 1894ರಲ್ಲಿ ಕನ್ನಡ ನಿಘಂಟು ಕೊಟ್ಟ ಕಿಟ್ಟೆಲ್ ಜರ್ಮನ್. ಹಂಚಿನ ಕಾರ್ಖಾನೆ, ನೇಯ್ಗೆ, ಅಚ್ಚುಕೂಟ, ಶಾಲೆ, ಎಲ್ಲ ಅವರ ಕೈಯಲ್ಲಿತ್ತು. (ಖಾಕಿ ಬಣ್ಣವನ್ನೂ ಇಲ್ಲೇ ಬಲ್ಮಠದ ನೇಯ್ಗೆ ಶಾಲೆಯಲ್ಲಿ ಹಾಲರ್ ಎಂಬವರು ಕಂಡುಹಿಡಿದರು ಅಂತ ಊರಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಪಂಜಾಬಿನ ಕಡೆ ಬ್ರಿಟಿಷರ ಗೈಡ್ಸ್ ಪಡೆ ಅದಕ್ಕೂ ಮುಂಚೆ ಖಾಕಿ ತೊಟ್ಟಿತ್ತು. ಏನೇ ಇರಲಿ, ಮಿಷನ್ನಿನವರ ಬಟ್ಟೆಯೂ ಸಿಪಾಯಿಯ ಮೈಮೇಲೆ ಹೋಗಿದೆ. ನಾವು ಪೂರ್ತಿ ಕೈ ತೊಳೆದುಕೊಂಡವರೇನಲ್ಲ.)

1914ರ ಆಗಸ್ಟ್ 4ಕ್ಕೆ ಬ್ರಿಟನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಭಾನುವಾರ ಪ್ರಸಂಗ ಮಾಡುತ್ತಿದ್ದ ಅಯ್ಯನವರು ಶತ್ರುದೇಶದ ಪ್ರಜೆ ಆಗಿಬಿಟ್ಟರು. ಅವರು ಕನ್ನಡ ಮಾತಾಡುತ್ತಿದ್ದರು, ಕೆಲವರು ತುಳುವನ್ನೂ. ಹಲವರನ್ನು ಅಹ್ಮದ್‌ನಗರದ ಕ್ಯಾಂಪಿನಲ್ಲಿ ಬಂಧನದಲ್ಲಿಟ್ಟರು. ಆಮೇಲೆ 1915, 16ರಲ್ಲಿ ಗೋಲ್ಕೊಂಡ ಅನ್ನೋ ಹಡಗಿನಲ್ಲಿ ಹೆಂಡತಿ ಮಕ್ಕಳ ಸಮೇತ ಯುರೋಪಿಗೆ ಸಾಗಹಾಕಿದರು. ಕಾರ್ಖಾನೆಗಳು ಸರ್ಕಾರದ ಕೈಗೆ ಹೋಗಿ, ಯುದ್ಧ ಮುಗಿದ ಮೇಲೆ ಕಾಮನ್‌ವೆಲ್ತ್ ಟ್ರಸ್ಟಿನದಾದವು. ಹಿಡಿಯಲು ಬಂದ ಅಧಿಕಾರಿಯೂ ಕ್ರೈಸ್ತ, ಹಿಡಿಸಿಕೊಂಡವರೂ ಕ್ರೈಸ್ತರು. ಅದೇ ಬೈಬಲ್ಲು, ಅದೇ ಕರ್ತನ ಪ್ರಾರ್ಥನೆ.

ಇತ್ತ ನಮ್ಮವರ ಗತಿ ನೋಡಿ. ಬ್ರಿಟಿಷರ ಕಣ್ಣಿಗೆ ಇವರು ಜರ್ಮನರ ಜನ. ಊರಿನ ಕಣ್ಣಿಗೆ ಬಿಳಿಯರ ಜನ. ಸಭೆ ನಡೆಸಿದ್ದು ಯಾರು? ಇಲ್ಲಿನ ಸಭಾಪಾಲಕರು, ಉಪದೇಶಿಗಳು, ಹಿರಿಯರು. ಅದುವರೆಗೆ ಅವರನ್ನು ಎರಡನೇ ಸಾಲಿನಲ್ಲೇ ಕೂರಿಸಿದ್ದರು ಅನ್ನೋದನ್ನೂ ಹೇಳಬೇಕು.

ಅದೇ ಹೊತ್ತಿಗೆ ಯುರೋಪಿನಲ್ಲಿ ಏನಾಗುತ್ತಿತ್ತು ಗೊತ್ತಾ? ಜರ್ಮನಿಯ ಪ್ರಷ್ಯದ ಸಿಪಾಯಿಯ ಬೆಲ್ಟಿನ ಬಕಲ್ಲಿನ ಮೇಲೆ 'ದೇವರು ನಮ್ಮ ಕಡೆ' ಅಂತ ಅಚ್ಚು. ಲಂಡನ್ನಿನ ಬಿಷಪ್ ವಿನ್ನಿಂಗ್ಟನ್-ಇನ್‌ಗ್ರಾಮ್ ಇದು ಪವಿತ್ರ ಯುದ್ಧ ಅಂತ ಪ್ರಸಂಗ ಮಾಡುತ್ತಿದ್ದರು. 1914ರ ಅಕ್ಟೋಬರಿನಲ್ಲಿ ಜರ್ಮನಿಯ 93 ವಿದ್ವಾಂಸರು ತಮ್ಮ ದೇಶದ ಯುದ್ಧವನ್ನು ಸಮರ್ಥಿಸಿ ಸಹಿ ಹಾಕಿದರು. ಅದರಲ್ಲಿ ಹಾರ್ನಾಕ್ ಇದ್ದರು, ಆ ಕಾಲದ ದೊಡ್ಡ ದೇವಶಾಸ್ತ್ರದ ಮೇಷ್ಟ್ರು. ಅವರ ಶಿಷ್ಯ ಕಾರ್ಲ್ ಬಾರ್ತ್ ಆಗ ಸ್ವಿಟ್ಜರ್ಲೆಂಡಿನ ಜಾಫೆನ್‌ವಿಲ್ ಅನ್ನೋ ಹಳ್ಳಿಯ ಪಾಸ್ಟರ್. ಹುಟ್ಟಿದ್ದು ಬಾಸೆಲ್‌ನಲ್ಲೇ. ಗುರುಗಳ ಹೆಸರು ಆ ಪಟ್ಟಿಯಲ್ಲಿ ನೋಡಿ ಬಾರ್ತ್‌ಗೆ ಅವರು ಕಲಿಸಿದ್ದರ ಮೇಲೆಯೇ ನಂಬಿಕೆ ಹೋಯಿತು. 1934ರಲ್ಲಿ ಹಿಟ್ಲರನ ಕಾಲದಲ್ಲಿ ಬಾರ್ಮೆನ್ ಘೋಷಣೆ ಬಂತಲ್ಲ, ಸಭೆಗೆ ಕ್ರಿಸ್ತನೊಬ್ಬನೇ ಒಡೆಯ ಅಂತ, ಅದರ ಹೆಚ್ಚಿನ ಭಾಗ ಬರೆದವರು ಇವರೇ. ಪೋಪ್ ಹದಿನೈದನೇ ಬೆನೆಡಿಕ್ಟ್ 1917ರ ಆಗಸ್ಟ್‌ನಲ್ಲಿ ಎರಡೂ ಕಡೆಗೆ ಕಾಗದ ಬರೆದು ಇದು ವ್ಯರ್ಥ ಕಗ್ಗೊಲೆ ಎಂದರು. ಎರಡೂ ಕಡೆಯವರು ಅವರನ್ನು ಎದುರಾಳಿಯ ಪಕ್ಷಪಾತಿ ಅಂದರು.

ಹಾಗಾಗಿ ನನಗೆ ಅನ್ನಿಸೋದು ಇಷ್ಟು. ಹುಡುಗ ಬೇಕಾದರೆ ಸೈನ್ಯಕ್ಕೆ ಭರ್ತಿ ಆಗಲಿ, ದೇವರನ್ನು ಮಾತ್ರ ಭರ್ತಿ ಮಾಡಿಸಬಾರದು. ಗಡಿ ಕಾಯುವುದು ಒಂದು ಕೆಲಸ. ಕೆಲವೊಮ್ಮೆ ಬೇಕೇ ಬೇಕಾದ ಕೆಲಸ. ಆದರೆ 'ದೇಶಸೇವೆಯೇ ದೇವರ ಸೇವೆ' ಅಂದ ಕೂಡಲೇ ಆ ಬಕಲ್ಲು ನಮ್ಮ ಸೊಂಟಕ್ಕೂ ಬಂತು. ಆಮೇಲೆ ದೇಶ ತಪ್ಪು ಮಾಡಿದಾಗ ಹೇಳೋಕೆ ಬಾಯಿಯೇ ಇರಲ್ಲ.

ಇನ್ನು ಓಣಿಯವರ ಮಾತು. ಮಂಗಳೂರಿನವರೇ ಆದ ಜೆಸುಯಿಟ್ ಪಾದ್ರಿ ಜೆರೋಮ್ ಡಿಸೋಜ ಸಂವಿಧಾನ ಸಭೆಯಲ್ಲಿದ್ದರು. ಎಚ್.ಸಿ. ಮುಖರ್ಜಿ ಅದರ ಉಪಾಧ್ಯಕ್ಷರು, ಅವರೂ ಕ್ರೈಸ್ತರು. ಶಾಸನಸಭೆಯಲ್ಲಿ ಕ್ರೈಸ್ತರಿಗೆ ಅಂತ ಬೇರೆ ಸೀಟು ಬೇಡ, ಎಲ್ಲರ ಜೊತೆ ನಿಲ್ಲುತ್ತೇವೆ ಅನ್ನೋ ನಿಲುವಿಗೆ ಅವರು ಬಂದರು. ಈ ದೇಶ ನಮ್ಮದು ಅಂತ ಅವತ್ತೇ ಕೂತು ಬರೆದಾಗಿದೆ. ಅದಕ್ಕೆ ನಿಮ್ಮ ತಮ್ಮನ ರಕ್ತದ ಸೀಲು ಯಾಕೆ ಬೇಕು? ಅವನಿಗೆ ಆ ಕೆಲಸ ಇಷ್ಟವಾ, ಸಂಬಳಕ್ಕಾ, ಊರು ನೋಡೋಕಾ? ಯಾವುದಾದರೂ ಸರಿ. ಓಣಿಯವರಿಗೆ ಉತ್ತರ ಕೊಡೋಕೆ ಮಾತ್ರ ಬೇಡ. ಅವನು ಪರಮವೀರ ಚಕ್ರ ತಂದರೂ ಕೇಳುವವರು ಮತ್ತೆ ಕೇಳುತ್ತಾರೆ.

ಧಾರವಾಡ ಓದುಗ

ಚೆನ್ನಾಗಿ ಬರೆದಿದ್ದೀರಿ, ಆದರೆ ಕಷ್ಟದ ಜಾಗದಲ್ಲಿ ಜಾರಿಕೊಂಡಿರಿ. 'ಬೇಕೇ ಬೇಕಾದ ಕೆಲಸ' ಅಂತ ಅಷ್ಟು ಬೇಗ ಹೇಳಿದ್ದು ಯಾಕೆ? ತನ್ನನ್ನು ಹಿಡಿಯಲು ಬಂದಾಗ ಪೇತ್ರ ಎಳೆದ ಕತ್ತಿಯನ್ನು ಒರೆಗೆ ಹಾಕಿಸಿದಾಗಲೇ ಕರ್ತನು ಎಲ್ಲ ಸಿಪಾಯಿಗಳ ಆಯುಧ ಬಿಚ್ಚಿಸಿದ ಅಂತ ಆದಿಸಭೆಯ ಲೇಖಕ ತೆರ್ತುಲ್ಲಿಯನ್ ಮೂರನೇ ಶತಮಾನದ ಶುರುವಿನಲ್ಲೇ ಬರೆದ. ಯುದ್ಧ ಒಪ್ಪದ ಕ್ರೈಸ್ತ ಪಂಗಡಗಳಾದ ಮೆನ್ನೊನೈಟರು, ಕ್ವೇಕರರು ಇವತ್ತಿಗೂ ಅದನ್ನೇ ಹಿಡಿದಿದ್ದಾರೆ. ಬ್ರಿಟನ್ 1916ರಲ್ಲಿ ಸೈನ್ಯ ಸೇವೆ ಕಡ್ಡಾಯ ಮಾಡಿದಾಗ ಸುಮಾರು 16,000 ಜನ ಮನಸ್ಸಾಕ್ಷಿ ಒಪ್ಪಲ್ಲ ಎಂದರು. ಜೈಲಿಗೂ ಹೋದರು. ಆಸ್ಟ್ರಿಯದ ರೈತ ಫ್ರಾನ್ಜ್ ಯೆಗರ್‌ಸ್ಟೆಟರ್ ಹಿಟ್ಲರನ ಸೈನ್ಯದಲ್ಲಿ ಹೋರಾಡಲ್ಲ ಅಂದದ್ದಕ್ಕೆ 1943ರಲ್ಲಿ ತಲೆ ಕೊಟ್ಟ. ಅವನಿಗೂ ಸುತ್ತಲಿನವರು ರೋಮಾ 13 ಹೇಳಿದ್ದರು, ಮನೆ ನೋಡಿಕೋ ಅಂದಿದ್ದರು.

ನಮ್ಮಲ್ಲಿ ಕಡ್ಡಾಯ ಭರ್ತಿ ಇಲ್ಲ. ಹೋಗೋನು ತಾನೇ ಆರಿಸಿಕೊಂಡು ಹೋಗುತ್ತಾನೆ. ಹಾಗಾಗಿ ಕೂಟದಲ್ಲಿ ಆ ಹಿರಿಯರು ಕೇಳಿದ್ದು ಕೇಳಬೇಕಾದ ಪ್ರಶ್ನೆಯೇ. ಹುಡುಗನನ್ನು ಎಲ್ಲರ ಎದುರು ನಿಲ್ಲಿಸಿ ಕೇಳಿದ್ದು ಮಾತ್ರ ಸರಿಯಲ್ಲ.

ಬಲ್ಮಠದವ

ಒಪ್ಪಿದೆ, ಜಾರಿಕೊಂಡೆ. ಯೆಗರ್‌ಸ್ಟೆಟರ್ ಮುಂದೆ ನನ್ನ ಹತ್ತಿರ ವಾದ ಇಲ್ಲ. ಆದರೆ ಹಿಟ್ಲರನನ್ನು ಕೊನೆಗೆ ನಿಲ್ಲಿಸಿದ್ದೂ ಸೈನ್ಯಗಳೇ ಅಲ್ವಾ? ಜರ್ಮನಿಯ ಬಾನ್‌ಹೋಫರ್‌ನಂಥ ಶಾಂತಿವಾದಿ ಪಾಸ್ಟರ್ ಕೂಡ ಕೊನೆಗೆ ಹಿಟ್ಲರನ ವಿರುದ್ಧ ಸಂಚು ಮಾಡಿದವರ ಜೊತೆ ಸೇರಿದರು, 1945ರ ಏಪ್ರಿಲ್‌ನಲ್ಲಿ ನೇಣಿಗೆ ಹೋದರು. ಅದು ಪಾಪವೇ ಅಲ್ಲ ಅಂತ ಅವರು ತಮ್ಮನ್ನು ಸಮರ್ಥಿಸಿಕೊಳ್ಳಲಿಲ್ಲ. ಆ ಹೊರೆ ಹೊತ್ತೇ ಹೋದರು. ನಾನು ನಿಂತಿರೋದು ಅಲ್ಲಿ.

ಬೆಟಗೇರಿ ಅಕ್ಕ

ಎಲ್ಲರಿಗೂ ಧನ್ಯವಾದ. ಎಲ್ಲವನ್ನೂ ತಮ್ಮನಿಗೆ ಓದಿ ಹೇಳಿದೆ. ಮೈನ್ ವಿಷಯ ಎರಡು ಸಲ ಓದಿಸಿಕೊಂಡ. ಆಮೇಲೆ ಒಂದು ಪ್ರಶ್ನೆ ಕೇಳಿದ: "ಯೂನಿಟ್ಟಿನಲ್ಲಿ ಮಂದಿರ್ ಪರೇಡ್ ಇರುತ್ತಂತಲ್ಲ, ಪೂಜೆಗೆ ಒಳಗೆ ಹೋಗು ಅಂದರೆ ನಾನೇನು ಮಾಡಬೇಕು?" ಹವಾಲ್ದಾರ್ ಸರ್, ನೀವೇ ಹೇಳಬೇಕು.

ಸ್ಯಾಪರ್ ಹವಾಲ್ದಾರ್ (ನಿವೃತ್ತ)

ಹೌದು, ಇರುತ್ತೆ. ಬಹಳ ಕಡೆ ಸರ್ವಧರ್ಮ ಸ್ಥಳ ಅಂತ ಒಂದೇ ಸೂರಿನಡಿ ಎಲ್ಲ ಧರ್ಮದ ಜಾಗ. ಪಂಡಿತ್, ಗ್ರಂಥಿ, ಮೌಲ್ವಿ, ಪಾದ್ರಿ, ಹೀಗೆ ಬೇರೆ ಬೇರೆ ಥರದ ಧರ್ಮಶಿಕ್ಷಕರನ್ನು ಸೈನ್ಯವೇ ನೇಮಿಸುತ್ತೆ. ನಮ್ಮ ಕಡೆ ಕ್ರೈಸ್ತರು ತಕ್ಕಮಟ್ಟಿಗೆ ಇದ್ದೆವು, ನನಗೆ ಕಷ್ಟ ಆಗಲಿಲ್ಲ. ನಾನು ಬೂಟು ಬಿಚ್ಚಿ ಎಲ್ಲರ ಜೊತೆ ಒಳಗೆ ನಿಲ್ಲುತ್ತಿದ್ದೆ, ಆರತಿ ತೆಗೆದುಕೊಳ್ಳುತ್ತಿರಲಿಲ್ಲ. ಯಾರೂ ಕೇಳಲಿಲ್ಲ. ಕ್ರಿಸ್‌ಮಸ್‌ಗೆ ಸಿಖ್ ಹುಡುಗರೂ ಬಂದು ಹಿಂದೆ ನಿಂತು ಕೇಕಿಗೆ ಕಾಯುತ್ತಿದ್ದರು.

ಆದರೆ ಎಲ್ಲರ ಮನಸ್ಸಾಕ್ಷಿ ಒಂದೇ ಅಲ್ಲ. ಒಬ್ಬ ಕ್ರೈಸ್ತ ಅಧಿಕಾರಿ ತನ್ನ ಜವಾನರ ಜೊತೆ ಬರುತ್ತೇನೆ, ಗರ್ಭಗುಡಿಯೊಳಗೆ ಮಾತ್ರ ಬರಲ್ಲ ಎಂದರು. 2021ರಲ್ಲಿ ಅವರನ್ನು ಸೇವೆಯಿಂದ ತೆಗೆದರು. 2025ರ ಮೇನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು, ನವೆಂಬರಿನಲ್ಲಿ ಸುಪ್ರೀಂ ಕೋರ್ಟೂ ಕೈ ಹಾಕಲಿಲ್ಲ. ನನಗೆ ಆ ಅಧಿಕಾರಿಯ ಮೇಲೆ ಗೌರವ ಇದೆ. ಆದರೆ ಜವಾನರು ಯಾವ ಬಾಗಿಲಲ್ಲಿ ಹೋಗುತ್ತಾರೋ ಅಧಿಕಾರಿ ಅದೇ ಬಾಗಿಲಲ್ಲಿ ಹೋಗಬೇಕು ಅನ್ನೋ ಸೈನ್ಯದ ಮಾತೂ ನನಗೆ ಗೊತ್ತು.

ಧಾರವಾಡ ಓದುಗ

ಇದಕ್ಕೆ ಕಾನೂನಿನ ಒಂದು ಮಾತು ಸೇರಿಸುತ್ತೇನೆ. ಕೇರಳದಲ್ಲಿ ಯೆಹೋವನ ಸಾಕ್ಷಿಗಳು ಅನ್ನೋ ಪಂಗಡದ ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಶಾಲೆಯಿಂದ ತೆಗೆದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಕ್ಕಳ ಪರ ತೀರ್ಪು ಕೊಟ್ಟಿತು, ಬಿಜೋ ಇಮ್ಯಾನುಯೆಲ್ ಪ್ರಕರಣ ಅಂತಾರೆ. ಆ ತೀರ್ಪನ್ನು ನಂಬಿಕೊಂಡು ಯಾರೂ ಸೈನ್ಯಕ್ಕೆ ಹೋಗಬೇಡಿ. ಸೈನ್ಯದಲ್ಲಿ ಇರುವವರ ಮೂಲಭೂತ ಹಕ್ಕುಗಳನ್ನು ಕಡಿಮೆ ಮಾಡೋ ಅಧಿಕಾರವನ್ನು ಸಂವಿಧಾನದ 33ನೇ ವಿಧಿ ಪಾರ್ಲಿಮೆಂಟಿಗೆ ಕೊಟ್ಟಿದೆ. ಎಲ್ಲಿ ಬಗ್ಗಬಹುದು, ಎಲ್ಲಿ ಬಗ್ಗಲ್ಲ ಅಂತ ನಿಮ್ಮ ತಮ್ಮ ಭರ್ತಿಗೆ ಮುಂಚೆಯೇ ಅಯ್ಯನವರ ಹತ್ತಿರ ಕೂತು ಮಾತಾಡಲಿ. ಕೂಟದಲ್ಲಿ ಬೇಡ, ಅವರ ಮನೆಯಲ್ಲಿ.