ಅಳಿಲು-ಆಮೆ ಪದ್ಯದ ಲಯ: ಸ್ವಲ್ಪ ಬಿಡಿಸಿ ಹೇಳ್ತೀರಾ?

ಅಳಿಲಮ್ಮ:
ಮಗಳಿಗಾಗಿ ನಾಲ್ಕು ಸಾಲು ಕಟ್ಟಿದ್ದೇನೆ.

ಪುಟು ಪುಟು ಪುಟು ಪುಟು ಅಳಿಲಿನ ಓಟ
ಕೊಂಬೆಗೆ ಕೊಂಬೆಗೆ ಜಿಗಿಯುವ ಆಟ
ಮೆಲ್ಲಗೆ ಮೆಲ್ಲಗೆ ಆಮೆಯ ನಡಿಗೆ
ಬೆನ್ನಲಿ ಹೊತ್ತಿದೆ ಬೋರಲು ಗಡಿಗೆ

ಎಲ್ಲ ಸಾಲೂ ಒಂದೇ ತಾಳಕ್ಕೆ ಕೂರುತ್ತವೆ. ಆದರೂ ಮೊದಲ ಸಾಲನ್ನು ಅವಳು ಓಡಿಸುತ್ತಾಳೆ, ಮೂರನೆಯದಕ್ಕೆ ತಾನಾಗಿಯೇ ನಿಧಾನವಾಗುತ್ತಾಳೆ. ಅದು ಬರೀ ಅರ್ಥದಿಂದಲೋ, ಛಂದಸ್ಸಿನಲ್ಲೇ ಏನಾದರೂ ಇದೆಯೋ? ಆದಿಪ್ರಾಸ ಇಲ್ಲದಿದ್ದರೆ ನಡೆಯುತ್ತಾ?

ಗುರುಲಘು:
ಛಂದಸ್ಸಿನಲ್ಲೇ ಇದೆ. ಪ್ರಸ್ತಾರ ಹಾಕಿ ನೋಡಿ, ಅಂದರೆ ಪ್ರತಿ ಅಕ್ಷರಕ್ಕೂ ಲಘು (ಒಂದು ಮಾತ್ರೆಯ ಹಗುರ ಅಕ್ಷರ) ಅಥವಾ ಗುರು (ಎರಡು ಮಾತ್ರೆಯ ಭಾರದ ಅಕ್ಷರ) ಅಂತ ಗುರುತು ಹಾಕಿ. ಮಾತ್ರೆ ಅಂದರೆ ಅಕ್ಷರ ನುಡಿಯಲು ಹಿಡಿಯುವ ಕಾಲದ ಅಳತೆ. ಪ್ರತಿ ಸಾಲೂ 4+4+4+3, ಒಟ್ಟು 15 ಮಾತ್ರೆ. ಹಾಡುವಾಗ ಕೊನೆಯ ಅಕ್ಷರ ಎಳೆಯುತ್ತೇವಲ್ಲ, ಆಗ ಕೊನೆಯ ಗಣವೂ (ಮಾತ್ರೆಗಳ ಗುಂಪು) ನಾಲ್ಕಕ್ಕೆ ತುಂಬಿಕೊಳ್ಳುತ್ತದೆ. ಲೆಕ್ಕ ಒಂದೇ, ತುಂಬಿಸಿದ ರೀತಿ ಬೇರೆ. 'ಪುಟು ಪುಟು' ಅಂದರೆ ನಾಲ್ಕೂ ಲಘು. 'ಅಳಿಲಿನ' ಕೂಡ ಹಾಗೆಯೇ. ನಾಲಿಗೆಗೆ ನಿಲ್ಲಲು ಜಾಗವೇ ಇಲ್ಲ. ಈಗ 'ಮೆಲ್ಲಗೆ' ನೋಡಿ. ಮುಂದೆ ಒತ್ತಕ್ಷರ ಇರುವುದರಿಂದ 'ಮೆ' ಗುರು, ಆಮೇಲೆ ಎರಡು ಲಘು. 'ಆಮೆಯ', 'ಬೆನ್ನಲಿ', 'ಹೊತ್ತಿದೆ', 'ಬೋರಲು' ಎಲ್ಲವೂ ಇದೇ ಅಚ್ಚು. ಪ್ರತಿ ಹೆಜ್ಜೆಯೂ ಭಾರ ಹಾಕಿಯೇ ಶುರು.

ಆದಿಪ್ರಾಸದ ಚಿಂತೆ ಬಿಡಿ. ಸಾಲುಗಳ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕು ಅನ್ನುವುದು ಹಳೆಯ ಕಾವ್ಯದ ಕಟ್ಟು. ಮಕ್ಕಳ ಕಿವಿ ಸಾಲಿನ ತುದಿಯಲ್ಲಿರುತ್ತದೆ. ಅಲ್ಲಿ 'ಓಟ–ಆಟ' ಪರವಾಗಿಲ್ಲ, 'ಟ' ಮಾತ್ರ ಸೇರುತ್ತದೆ. 'ನಡಿಗೆ–ಗಡಿಗೆ' ಭರ್ಜರಿ, 'ಡಿಗೆ' ಪೂರ್ತಿ ಕೂಡಿದೆ.

ತಾಳಪ್ರಿಯ:
ಒಂದು ತಕರಾರು. 'ನಡಿಗೆ', 'ಗಡಿಗೆ' ಎರಡರಲ್ಲೂ ಮೂರಕ್ಕೆ ಮೂರೂ ಲಘು. ಅಷ್ಟು ಗಂಭೀರವಾಗಿ ಬಂದ ಆಮೆ ಕೊನೆಗೆ ಟಣ್ಣನೆ ಹಾರಿದ ಹಾಗಾಗಲ್ವಾ?

ಗುರುಲಘು:
ಸುಮ್ನೆ ಓದಿದರೆ ಹಾಗನ್ನಿಸುತ್ತದೆ. ಹಾಡಿದರೆ 'ಗೆ' ಎಳೆದುಕೊಂಡು ಸರಿಹೋಗುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು ಪುನರಾವರ್ತನೆ. ಮೊದಲ ಮೂರು ಸಾಲೂ ಜೋಡಿಪದದಿಂದಲೇ ಶುರು. ನಾಲ್ಕನೆಯದರಲ್ಲೂ ಮಗು ಅದನ್ನೇ ಕಾಯುತ್ತದೆ, ಸಿಗುವುದು ಬೋರಲು ಗಡಿಗೆ! ಅಲ್ಲೂ 'ಬೆನ್ನಲಿ ಬೆನ್ನಲಿ' ಅಂತ ತುರುಕಿದ್ದರೆ ನಗುವೇ ಬರುತ್ತಿರಲಿಲ್ಲ.

ಅಳಿಲಮ್ಮ:
ಹೌದು, ಅವಳು ನಗುವುದು ಗಡಿಗೆಗೇ. ಆದರೆ 'ಕೊಂಬೆಗೆ'? ಅದು ಅಳಿಲಿನ ಸಾಲು, ಅಲ್ಲೂ ಗುರು ಬಂತಲ್ಲ.

ಗುರುಲಘು:
ಜಿಗಿಯುವ ಮುಂಚೆ ಕಾಲೂರಬೇಕಲ್ಲ! ಹಿಂದೆಯೇ ಬರುವ 'ಜಿಗಿಯುವ' ಮತ್ತೆ ನಾಲ್ಕೂ ಲಘು. ಹಾಗೇ ಇರಲಿ, ಮುಟ್ಟಬೇಡಿ.