ಪಂಪ್‌ಹೌಸ್ ಪ್ಯಾನೆಲ್‌ಗೆ ಡಿಜಿಟಲ್ ಮೀಟರ್ ಹಾಕಿಸಬೇಕು, ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ವೈರಿಂಗ್ ಬಗ್ಗೆ ತಿಳಿದವರು ಹೇಳಿ

ಅಮ್ಮತ್ತಿ ತೋಟ:

ಎಲ್ಲರಿಗೂ ನಮಸ್ಕಾರ. ಅಮ್ಮತ್ತಿ ಹತ್ತಿರ ನಮ್ಮದು ರೊಬಸ್ಟಾ ತೋಟ. ಈಗ ನಾನೇ ನೋಡಿಕೊಳ್ಳುತ್ತಿದ್ದೇನೆ. ಕೆರೆ ಪಕ್ಕದ ಪಂಪ್‌ಹೌಸಿನಲ್ಲಿ 10 ಎಚ್‌ಪಿ ಮೋಟರು ಇದೆ, ಮೊದಲು ಸ್ಟಾರ್‌ನಲ್ಲಿ ಮೆಲ್ಲಗೆ ಶುರು ಮಾಡಿ ಆಮೇಲೆ ಡೆಲ್ಟಾಕ್ಕೆ ಹಾಕುವ ಸ್ಟಾರ್-ಡೆಲ್ಟಾ ಸ್ಟಾರ್ಟರು. ಫೆಬ್ರವರಿ, ಮಾರ್ಚಿನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆಯುವಾಗ ಸುತ್ತಲಿನ ತೋಟದವರೆಲ್ಲ ಒಟ್ಟಿಗೇ ಮೋಟರು ಹಾಕುತ್ತಾರೆ. ವೋಲ್ಟೇಜ್ ಇಳಿಯುತ್ತದೆ, ಆಂಪ್ ಜಾಸ್ತಿಯಾದರೆ ಮೋಟರು ನಿಲ್ಲಿಸುವ ನಮ್ಮ ರಿಲೇ ಟ್ರಿಪ್ ಆಗುತ್ತದೆ. ಎಷ್ಟಕ್ಕೆ ಇಳಿಯಿತು, ಮೋಟರು ಎಷ್ಟು ಆಂಪ್ ಎಳೆಯಿತು ಅಂತ ನೋಡೋಣ ಎಂದರೆ ಹಳೆಯ ಮುಳ್ಳಿನ ವೋಲ್ಟ್‌ಮೀಟರಿನ ಗಾಜಿನೊಳಗೆಲ್ಲ ಮಳೆಗಾಲದ ತೇವ. ಮುಳ್ಳು 350ರ ಹತ್ತಿರ ಅಂಟಿಕೊಂಡುಬಿಟ್ಟಿದೆ. ಕರೆಂಟ್ ಹೋದರೂ ಕೆಳಗೆ ಬರುವುದಿಲ್ಲ.

ವಿರಾಜಪೇಟೆಯಿಂದ ತ್ರೀ ಫೇಸ್ ಮಲ್ಟಿಫಂಕ್ಷನ್ ಮೀಟರ್ ಒಂದು, 50/5 ಅಂತ ಬರೆದಿರುವ ರಿಂಗ್ ಸಿಟಿ (ಮೋಟರಿನ ಆಂಪನ್ನು ಮೀಟರಿಗೆ ತಕ್ಕಷ್ಟು ಇಳಿಸಿ ಕೊಡುವ ಬಳೆ) ಮೂರು ತಂದಿದ್ದೇನೆ. ಮೀಟರಿನ ಮುಖ 96 ಮಿ.ಮೀ. ಚೌಕ. ಹಿಂದುಗಡೆ ಎಲ್, ಎನ್ ಅಂತ ಎರಡು ಟರ್ಮಿನಲ್, ವಿ1, ವಿ2, ವಿ3, ವಿಎನ್ ಅಂತ ನಾಲ್ಕು, ಆಮೇಲೆ ಎಸ್1, ಎಸ್2 ಮೂರು ಜೊತೆ. ನಮ್ಮ ಎಲೆಕ್ಟ್ರಿಷಿಯನ್ ಮನೆ ವೈರಿಂಗ್‌ನಲ್ಲಿ ಒಳ್ಳೆಯ ಕೆಲಸಗಾರ, ಆದರೆ ಸಿಟಿ ಕಟ್ಟಿ ಅಭ್ಯಾಸವಿಲ್ಲ.

ಹಳೆಯ ಮೀಟರಿನ ತೂತಿಗೇ ಇದು ಕೂರುತ್ತದಾ? ಸಿಟಿ ಎಲ್ಲಿ ಹಾಕಬೇಕು, ಸ್ಟಾರ್ಟರಿಗೆ ಮೊದಲಾ, ಆಮೇಲಾ? ಇನ್ನೊಂದು, ಮೇಲಿನ ಟ್ಯಾಂಕಿನ ನೀರಿನ ಮಟ್ಟವನ್ನೂ ಇದೇ ಮೀಟರಿನಲ್ಲಿ ನೋಡಬಹುದಾ?

ಕುಶಾಲನಗರ ಪ್ಯಾನೆಲ್:

ಅಕ್ಕ, ನಾನು ಪ್ಯಾನೆಲ್ ಬೋರ್ಡ್ ಕಟ್ಟುವ ಕೆಲಸ ಮಾಡುವವನು. ಸ್ವಲ್ಪ ಉದ್ದ ಆಗುತ್ತದೆ, ನಿಮ್ಮ ಎಲೆಕ್ಟ್ರಿಷಿಯನ್‌ಗೂ ಓದಲು ಕೊಡಿ.

ತೂತಿನ ವಿಷಯ ಸುಲಭ. 96ರ ಮೀಟರಿಗೆ 92 x 92 ಮಿ.ಮೀ. ಕಟೌಟ್ ಬೇಕು. ಹಳೆಯ ಮೀಟರಿನ ಮುಖವೂ 96 ಇದ್ದು ತೂತು ಚೌಕವಾಗಿದ್ದರೆ ನೇರವಾಗಿ ಕೂರುತ್ತದೆ. 72ರದ್ದಾಗಿದ್ದರೆ ತೂತು 68 ಇರುತ್ತದೆ, ಕತ್ತರಿಸಿ ದೊಡ್ಡದು ಮಾಡಬೇಕು. ಕತ್ತರಿಸುವಾಗ ಒಳಗೆ ಬಟ್ಟೆ ಹಾಸಿ. ಕಬ್ಬಿಣದ ಪುಡಿ ಸ್ಟಾರ್ಟರಿನ ಸ್ವಿಚ್ಚಾದ ಕಾಂಟ್ಯಾಕ್ಟರಿನೊಳಗೆ ಬಿದ್ದರೆ ಆಮೇಲೆ ತೊಂದರೆ. ಕತ್ತರಿಸಿದ ಅಂಚಿಗೆ ಪೇಂಟ್ ಬಳಿಯಿರಿ. ನಮ್ಮ ಕಡೆಯ ಮಳೆಗೆ ಒಂದೇ ಆಷಾಢದಲ್ಲಿ ತುಕ್ಕು ಹಿಡಿಯುತ್ತದೆ. ಮೀಟರಿನ ಜೊತೆ ರಬ್ಬರ್ ಗ್ಯಾಸ್ಕೆಟ್ ಬಂದಿದ್ದರೆ ಅದನ್ನು ಬಿಡದೆ ಹಾಕಿ.

ಎಲ್, ಎನ್ ಅನ್ನುವುದು ಮೀಟರು ಓಡಲು ಬೇಕಾದ ಕರೆಂಟು. ವಿ1, ವಿ2, ವಿ3, ವಿಎನ್ ಅಳೆಯುವುದಕ್ಕೆ. ಇವೆರಡೂ ಬೇರೆ ಬೇರೆ. ಅಳೆಯುವ ಮೂರು ಫೇಸಿಗೂ ಒಂದೊಂದು ಫ್ಯೂಸ್ ಹಾಕಿ, 1 ಅಥವಾ 2 ಆಂಪ್ ಸಾಕು. ಎಲ್‌ಗೂ ಒಂದು. ಇದು ಬೇಡ ಅನ್ನುವವರು ಜಾಸ್ತಿ. ಯೋಚನೆ ಮಾಡಿ: ದಪ್ಪ ಕೇಬಲ್ಲಿನಿಂದ 1.5 ಚದರ ಮಿ.ಮೀ. ತೆಳು ವೈರು ಎಳೆದು ಬಾಗಿಲವರೆಗೆ ತಂದಿದ್ದೀರಿ. ಬಾಗಿಲು ತೆಗೆದು ಹಾಕಿ, ತೆಗೆದು ಹಾಕಿ ವೈರು ಸವೆದು ಬಾಡಿಗೆ ತಾಗಿತು ಅಂದುಕೊಳ್ಳಿ. ಮೋಟರಿಗೆಂದು ಹಾಕಿದ ದೊಡ್ಡ ಫ್ಯೂಸು ಹೋಗುವುದಕ್ಕೆ ಮೊದಲು ಆ ತೆಳು ವೈರೇ ಸುಟ್ಟುಹೋಗುತ್ತದೆ. ಫ್ಯೂಸು ಮೀಟರಿನ ಹತ್ತಿರ ಅಲ್ಲ, ವೈರು ಹೊರಡುವ ಜಾಗದಲ್ಲೇ ಇರಬೇಕು.

ಜನರೇಟರ್ ಇದೆಯಾ? ಇದ್ದರೆ ವೋಲ್ಟೇಜ್ ವೈರನ್ನು ಚೇಂಜೋವರ್ ಸ್ವಿಚ್ಚಿನ ನಂತರ ತೆಗೆದುಕೊಳ್ಳಿ. ಆಗ ಲೈನಿನದ್ದೂ ಕಾಣುತ್ತದೆ, ಜನರೇಟರಿನದ್ದೂ ಕಾಣುತ್ತದೆ.

ಈಗ ಸಿಟಿ. ಸ್ಟಾರ್ಟರಿಗೆ ಮೊದಲೇ ಹಾಕಿ, ಮೇನ್ ಸ್ವಿಚ್ಚಿನಿಂದ ಸ್ಟಾರ್ಟರಿಗೆ ಬರುವ ಮೂರು ವೈರಿಗೆ. ಸ್ಟಾರ್-ಡೆಲ್ಟಾದಲ್ಲಿ ಮೋಟರಿಗೆ ಹೋಗುವುದು ಆರು ವೈರು ಅಲ್ವಾ? ಅಲ್ಲಿ ಹಾಕಿದರೆ ಡೆಲ್ಟಾದಲ್ಲಿ ಓಡುವಾಗ ನಿಜವಾದ ಆಂಪಿನ ಶೇಕಡ 58 ಮಾತ್ರ ಕಾಣುತ್ತದೆ. 415 ವೋಲ್ಟಿಗೆ 10 ಎಚ್‌ಪಿ ಮೋಟರು ಪೂರ್ತಿ ಲೋಡಿನಲ್ಲಿ ಸುಮಾರು 14ರಿಂದ 15 ಆಂಪ್ ಎಳೆಯುತ್ತದೆ. ಆ ಆರು ವೈರಿನ ಕಡೆ ಹಾಕಿದರೆ 8 ಚಿಲ್ಲರೆ ತೋರಿಸುತ್ತದೆ. ನಿಮ್ಮ ರಿಲೇ ಕೂಡ ಬಹುಶಃ ಆ ಕಡೆಯೇ ಇದೆ, ಅದಕ್ಕೇ ಅದರ ಡಯಲ್ 8ರ ಆಸುಪಾಸು ಇರುತ್ತದೆ. ಮೀಟರಿನಲ್ಲಿ 14 ನೋಡಿ ರಿಲೇಯಲ್ಲಿ 8 ನೋಡಿ ಗಾಬರಿಯಾಗಿ ಡಯಲನ್ನು 14ಕ್ಕೆ ತಿರುಗಿಸಬೇಡಿ. ಮೋಟರು ಸುಡುವುದು ಹಾಗೇ.

50/5 ಸಿಟಿ, ಅಂದರೆ ಒಳಗೆ 50 ಆಂಪ್ ಹರಿದರೆ ಮೀಟರಿಗೆ 5 ಆಂಪ್ ಕೊಡುವುದು, ನಿಮ್ಮ ಮೋಟರಿಗೆ ಸ್ವಲ್ಪ ದೊಡ್ಡದು. ಬದಲಾಯಿಸಬೇಕಾಗಿಲ್ಲ. ಪ್ರತಿ ಫೇಸಿನ ವೈರನ್ನು ರಿಂಗಿನೊಳಗೆ ಎರಡು ಸಲ ತೂರಿಸಿ. ಆಗ ಅದು 25/5 ಆಗುತ್ತದೆ. ಮೀಟರಿನ ಸೆಟ್ಟಿಂಗಿನಲ್ಲಿ ಸಿಟಿ ಪ್ರೈಮರಿ 25, ಸೆಕೆಂಡರಿ 5 ಅಂತ ಕೊಡಿ. ರಿಂಗಿನ ಹೊರಗೆ ಎಷ್ಟು ಸುತ್ತು ಕಾಣುತ್ತದೆ ಅನ್ನುವುದು ಲೆಕ್ಕವಲ್ಲ, ತೂತಿನೊಳಗೆ ವೈರು ಎಷ್ಟು ಸಲ ಹೋಗಿದೆ ಅನ್ನುವುದೇ ಲೆಕ್ಕ. ಸುಮ್ನೆ ತೂರಿಸಿ ಆ ಕಡೆಯಿಂದ ಹೊರಗೆ ತೆಗೆದರೆ ಒಂದು. ಹೊರಗೆ ಒಂದು ಸುತ್ತು ಬಳಸಿ ಮತ್ತೆ ತೂರಿಸಿದರೆ ಎರಡು.

ರಿಂಗಿನ ಮೇಲೆ ಪಿ1 ಅಂತ ಇರುವ ಮುಖ ಲೈನ್ ಬರುವ ಕಡೆಗೆ, ಪಿ2 ಮೋಟರಿನ ಕಡೆಗೆ. ಮೂರು ಫೇಸಿಗೆ ಆರ್, ವೈ, ಬಿ ಅನ್ನುತ್ತೇವೆ. ಆರ್ ಫೇಸಿನ ಸಿಟಿ ವಿ1ರ ಜೊತೆಯ ಎಸ್1, ಎಸ್2ಕ್ಕೇ ಬರಬೇಕು. ವೈ, ಬಿ ಕೂಡ ಹಾಗೆಯೇ. ಸಿಟಿಯಿಂದ ಮೀಟರಿಗೆ 2.5 ಚದರ ಮಿ.ಮೀ. ವೈರು, ಲಗ್ ಕ್ರಿಂಪ್ ಮಾಡಿ. ಮೀಟರಿನ ಜೊತೆ ಬಂದ ಕಾಗದದಲ್ಲಿ ಬೇಡ ಅಂತ ಇಲ್ಲದಿದ್ದರೆ ಎಸ್2ಗಳನ್ನು ಒಂದೇ ಒಂದು ಜಾಗದಲ್ಲಿ ಅರ್ತ್ ಮಾಡಿ.

ಇನ್ನು ಬಹಳ ಮುಖ್ಯವಾದದ್ದು. ಮೋಟರು ಓಡುತ್ತಿರುವಾಗ ಸಿಟಿಯ ಎಸ್1, ಎಸ್2 ವೈರು ಯಾವತ್ತೂ ಬಿಚ್ಚಬಾರದು. ಬೇರೆ ವೈರು ಬಿಚ್ಚಿದರೆ ಕರೆಂಟು ನಿಲ್ಲುತ್ತದೆ, ಸಿಟಿ ಹಾಗಲ್ಲ. ಒಳಗಿನ ವೈರಿನಲ್ಲಿ ಕರೆಂಟ್ ಹರಿಯುತ್ತಿರುವವರೆಗೆ ಅದು ಹೊರಗೆ ತಳ್ಳುತ್ತಲೇ ಇರುತ್ತದೆ. ದಾರಿ ಕಟ್ಟಾದರೆ ಆ ತುದಿಯಲ್ಲಿ ವೋಲ್ಟೇಜ್ ಒಮ್ಮೆಲೇ ಏರುತ್ತದೆ, ದೊಡ್ಡ ಸಿಟಿಯಲ್ಲಿ ಸಾವಿರಗಟ್ಟಲೆ ವೋಲ್ಟಿಗೆ. ಕೈಗೂ ಅಪಾಯ, ಸಿಟಿಯೂ ಹಾಳು. ಅದಕ್ಕೇ ಸಿಟಿ ವೈರಿಗೆ ಫ್ಯೂಸು ಹಾಕಬಾರದು, ಸ್ವಿಚ್ಚೂ ಹಾಕಬಾರದು. ಶಾರ್ಟಿಂಗ್ ಲಿಂಕ್ ಇರುವ ಟರ್ಮಿನಲ್ ಬ್ಲಾಕ್ ಹಾಕಿಸಿ. ಮುಂದೆ ಯಾರಾದರೂ ಮೀಟರ್ ತೆಗೆಯಬೇಕಾದರೆ ಮೊದಲು ಲಿಂಕ್ ಹಾಕಿ ಎಸ್1, ಎಸ್2 ಸೇರಿಸಿ, ಆಮೇಲೆ ಬಿಚ್ಚಲಿ.

ಮೇನ್ ಆಫ್ ಮಾಡಿ, ಮಲ್ಟಿಮೀಟರಿನಲ್ಲಿ ಮೂರೂ ಫೇಸ್ ಸತ್ತಿದೆಯಾ ನೋಡಿ, ಆಮೇಲೆ ಕೈ ಹಾಕಲಿ. ಬರೀ ಟೆಸ್ಟರ್ ನಂಬಬೇಡಿ.

ಗೋಣಿಕೊಪ್ಪ ವೈರಿಂಗ್:

ಅಣ್ಣ ಎಲ್ಲಾ ಸರಿಯಾಗಿ ಹೇಳಿದ್ದಾರೆ. ಒಂದು ಸೇರಿಸುತ್ತೇನೆ. ತುಂಬಾ ಪಂಪ್‌ಹೌಸಿಗೆ ಮೂರು ಫೇಸ್ ಮಾತ್ರ ಬಂದಿರುತ್ತದೆ, ನ್ಯೂಟ್ರಲ್ ಇರುವುದಿಲ್ಲ. ಮೀಟರಿನ ಎನ್‌ಗೆ ಅರ್ತಿಂಗ್ ವೈರಿನಿಂದ ಕೊಟ್ಟರೆ ಆನ್ ಆಗುತ್ತದೆ. ಇಲ್ಲಿ ಎಲ್ಲರೂ ಹಾಗೇ ಮಾಡುವುದು.

ಕುಶಾಲನಗರ ಪ್ಯಾನೆಲ್:

ದಯವಿಟ್ಟು ಬೇಡ ಸರ್. ಆನ್ ಆಗುತ್ತದೆ ನಿಜ. ಆದರೆ ಅರ್ತ್ ವೈರು ಎಲ್ಲಾದರೂ ತುಂಡಾದರೆ ಆ ಫೇಸು ಮೀಟರಿನ ಮೂಲಕವೇ ಪ್ಯಾನೆಲ್ ಬಾಡಿಗೆ ಬಂದು ನಿಲ್ಲುತ್ತದೆ. ಅಕ್ಕನ ಮೋಟರು ಓಡುವುದೇ ಫೆಬ್ರವರಿ, ಮಾರ್ಚಿನಲ್ಲಿ. ಅರ್ತ್ ಪಿಟ್‌ನ ಮಣ್ಣು ಒಣಗಿರುವುದೂ ಅದೇ ತಿಂಗಳುಗಳಲ್ಲಿ. ಮೋಟರು ಹಾಕಲು ಬರುವ ಕೆಲಸದವರು ಕೆರೆ ಏರಿಯ ಒದ್ದೆ ಕಾಲಿನಲ್ಲೇ ಬಂದು ಆ ಕಬ್ಬಿಣದ ಬಾಗಿಲು ಹಿಡಿಯುತ್ತಾರೆ. ಮೀಟರು ಉರಿಯಬೇಕು ಅಂತ ಒಂದು ಜೀವ ಪಣಕ್ಕಿಡಬೇಕಾ?

ನ್ಯೂಟ್ರಲ್ ಇಲ್ಲದಿದ್ದರೆ 415/230ರ ಚಿಕ್ಕ ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಸಿಗುತ್ತದೆ. ಎರಡು ಫೇಸು ಕೊಟ್ಟರೆ ಮೀಟರಿಗೆ 230 ಬರುತ್ತದೆ. ಫ್ಯೂಸು ಮರೆಯಬೇಡಿ. ಮೀಟರಿನ ಸೆಟ್ಟಿಂಗನ್ನು ತ್ರೀ ಫೇಸ್ ತ್ರೀ ವೈರ್‌ಗೆ ಬದಲಾಯಿಸಿ, ವಿಎನ್ ಖಾಲಿ ಬಿಡುವುದೋ ಹೇಗೋ ಅನ್ನುವುದನ್ನು ಮೀಟರಿನ ಜೊತೆ ಬಂದ ಕಾಗದದ ಚಿತ್ರ ನೋಡಿ ಮಾಡಿ.

ಗೋಣಿಕೊಪ್ಪ ವೈರಿಂಗ್:

ಒಪ್ಪಿದೆ ಅಣ್ಣ. ಹಾಗೆ ಕಟ್ಟಿರುವ ಜಾಗದಲ್ಲೆಲ್ಲ ಟ್ರಾನ್ಸ್‌ಫಾರ್ಮರ್ ಹಾಕಿಸುತ್ತೇನೆ.

ಕೂಡ್ಲೂರು ಇನ್‌ಸ್ಟ್ರುಮೆಂಟ್:

ಟ್ಯಾಂಕಿನ ವಿಷಯಕ್ಕೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳುತ್ತೇನೆ. ನಾನು ಕಾಫಿ ಕ್ಯೂರಿಂಗ್‌ನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ನೋಡಿಕೊಳ್ಳುವವಳು.

ಆ ಮೀಟರಿನಲ್ಲಿ ನೀರಿನ ಮಟ್ಟ ಕಾಣುವುದಿಲ್ಲ ಅಕ್ಕ. ಅದಕ್ಕೆ ಬೇರೆ ಜಾತಿಯ ಪ್ಯಾನೆಲ್ ಮೀಟರ್ ಇದೆ, ಪ್ರೋಸೆಸ್ ಇಂಡಿಕೇಟರ್ ಅನ್ನುತ್ತಾರೆ. ಅಂಗಡಿಯಲ್ಲಿ 4-20 ಮಿಲಿಆಂಪ್ ಇನ್‌ಪುಟ್ ಇರುವುದು ಅಂತ ಕೇಳಿ. ಟ್ಯಾಂಕಿನ ತಳಕ್ಕೆ ಇಳಿಬಿಡುವ ಲೆವೆಲ್ ಟ್ರಾನ್ಸ್‌ಮಿಟರ್ ನೀರಿನ ಒತ್ತಡ ನೋಡಿ ಕರೆಂಟು ಕಳಿಸುತ್ತದೆ. ಖಾಲಿಗೆ 4, ತುಂಬಿದರೆ 20. 5 ಮೀಟರ್ ರೇಂಜಿನ ಟ್ರಾನ್ಸ್‌ಮಿಟರ್ ಆದರೆ ಎರಡೂವರೆ ಮೀಟರ್ ನೀರಿಗೆ 12 ಮಿಲಿಆಂಪ್. ಖಾಲಿಗೂ 4 ಇಟ್ಟಿರುವುದರಿಂದ ಒಂದು ಉಪಕಾರ ಇದೆ. ಕಾಡುಹಂದಿ ಕೇಬಲ್ ಕಿತ್ತು ಹಾಕಿದರೆ ಸೊನ್ನೆಗೆ ಇಳಿಯುತ್ತದೆ. ಟ್ಯಾಂಕ್ ಖಾಲಿಯಾ, ವೈರು ಕಟ್ಟಾ ಅಂತ ಪಂಪ್‌ಹೌಸಿನಲ್ಲೇ ಗೊತ್ತಾಗುತ್ತದೆ.

ಎರಡೇ ವೈರು ಸಾಕು. 24 ವೋಲ್ಟ್ ಡಿಸಿ ಪ್ಲಸ್ ಟ್ರಾನ್ಸ್‌ಮಿಟರಿಗೆ, ಅಲ್ಲಿಂದ ಮೀಟರಿನ ಪ್ಲಸ್, ಮೀಟರಿನ ಮೈನಸ್ ಸಪ್ಲೈಗೆ ವಾಪಸ್. ಎಲ್ಲವೂ ಸಾಲಾಗಿ. ಶೀಲ್ಡ್ ಇರುವ ಕೇಬಲ್ ಹಾಕಿ, ಶೀಲ್ಡನ್ನು ಪ್ಯಾನೆಲ್ ಕಡೆ ಮಾತ್ರ ಅರ್ತ್ ಮಾಡಿ, ಟ್ಯಾಂಕ್ ಕಡೆ ಬಿಟ್ಟುಬಿಡಿ. ಎರಡೂ ಕಡೆ ಕಟ್ಟಿದರೆ ಅಂಕಿ ಕುಣಿಯುತ್ತದೆ. ಮೋಟರಿನ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ.

ಏಪ್ರಿಲ್, ಮೇ ಗುಡುಗಿಗೆ ಉದ್ದ ಕೇಬಲ್ ಬಹಳ ಅಪಾಯ. ಎರಡೂ ತುದಿಗೆ ಸಿಗ್ನಲ್ ಸರ್ಜ್ ಪ್ರೊಟೆಕ್ಟರ್ ಹಾಕಲೇಬೇಕು. ಟ್ರಾನ್ಸ್‌ಮಿಟರಿನ ಬೆಲೆಗೆ ಹೋಲಿಸಿದರೆ ಅದು ದೊಡ್ಡ ಖರ್ಚಲ್ಲ.

ಅಮ್ಮತ್ತಿ ತೋಟ:

ಎಲ್ಲರಿಗೂ ತುಂಬಾ ಧನ್ಯವಾದ. ಮೀಟರು ಕೂತಿತು, ತೂತು ಸರಿಯಾಗಿಯೇ ಇತ್ತು. ನಮಗೆ ನ್ಯೂಟ್ರಲ್ ಇದೆ. ಸಿಟಿಯೊಳಗೆ ಎರಡೆರಡು ಸಲ ವೈರು ಹಾಕಿಸಿದ್ದೇವೆ. ಮೋಟರು ಓಡುವಾಗ ಫೇಸ್‌ಗಳ ಮಧ್ಯೆ 391, 388, 394 ತೋರಿಸುತ್ತಿದೆ. ಆಂಪ್ ಮೂರರಲ್ಲೂ 14ರಿಂದ 15ರೊಳಗೆ, ವೈರಿಗೆ ಕಚ್ಚಿಸಿ ಆಂಪ್ ನೋಡುವ ಟಾಂಗ್ ಟೆಸ್ಟರಿಗೂ ಸರಿಹೋಯಿತು. ಆದರೆ ಒಟ್ಟು ಕಿಲೋವ್ಯಾಟ್ 2.9 ಅಂತ ಬರುತ್ತಿದೆ. 10 ಎಚ್‌ಪಿಗೆ ಇಷ್ಟು ಕಡಿಮೆ ಹೇಗೆ?

ಕುಶಾಲನಗರ ಪ್ಯಾನೆಲ್:

ಅಕ್ಕ, ಫೇಸ್ ಫೇಸಿನ ಕಿಲೋವ್ಯಾಟ್ ಪುಟ ತೆಗೆದು ನೋಡಿ. ಒಂದರ ಮುಂದೆ ಮೈನಸ್ ಇರುತ್ತದೆ. ಆ ಸಿಟಿ ತಿರುಗಿ ಕೂತಿದೆ, ಇಲ್ಲವೇ ಅದರ ಎಸ್1, ಎಸ್2 ಅದಲು ಬದಲು ಆಗಿದೆ. ಮೂರರಲ್ಲಿ ಒಂದು ತಿರುಗಿದರೆ ಎರಡು ಕೂಡಿ ಒಂದು ಕಳೆಯುತ್ತದೆ, ನಿಜವಾದದ್ದರ ಮೂರನೇ ಒಂದು ಭಾಗ ಮಾತ್ರ ಉಳಿಯುತ್ತದೆ. 2.9 ಬಂದಿದೆ ಅಂದರೆ ನಿಜವಾಗಿ ಎಂಟೂವರೆ ಹತ್ತಿರ. ನಿಮ್ಮ ಮೋಟರಿಗೆ ಅದು ಸರಿಯಾದ ಅಂಕಿ. ಆಂಪ್ ಮಾತ್ರ ನೋಡಿದರೆ ಇದು ಗೊತ್ತಾಗುವುದೇ ಇಲ್ಲ, ಆಂಪಿಗೆ ದಿಕ್ಕು ಬೇಕಾಗಿಲ್ಲ. ಎರಡು ಫೇಸಿನ ಸಿಟಿಗಳೇ ಅದಲು ಬದಲಾಗಿದ್ದರೆ ಒಟ್ಟು ಸೊನ್ನೆ ಹತ್ತಿರ ಬರುತ್ತಿತ್ತು, ನಿಮ್ಮದು ಅದಲ್ಲ.

ಮೋಟರು ನಿಲ್ಲಿಸಿ, ಮೇನ್ ಆಫ್ ಮಾಡಿ, ಎಸ್1, ಎಸ್2 ಬದಲಾಯಿಸಿ.

ಅಮ್ಮತ್ತಿ ತೋಟ:

ಹೌದು, ಬಿ ಫೇಸಿಗೆ ಮೈನಸ್ ಇತ್ತು. ಬದಲಾಯಿಸಿದ ಮೇಲೆ 8.5 ಬರುತ್ತಿದೆ. ಇನ್ನೊಂದೇ ಪ್ರಶ್ನೆ ತಮ್ಮ. ವೋಲ್ಟೇಜ್ ಎಷ್ಟಕ್ಕೆ ಇಳಿದರೆ ಮೋಟರು ನಿಲ್ಲಿಸಬೇಕು?

ಕುಶಾಲನಗರ ಪ್ಯಾನೆಲ್:

ನೇಮ್‌ಪ್ಲೇಟ್ ನೋಡಿ. 415, ಶೇಕಡ 10 ಹೆಚ್ಚು ಕಡಿಮೆ ಅಂತ ಇದ್ದರೆ 373ರ ಕೆಳಗೆ ಓಡಿಸಬೇಡಿ. ವೋಲ್ಟೇಜ್ ಇಳಿದಷ್ಟೂ ಅದೇ ನೀರು ಎತ್ತಲು ಆಂಪ್ ಏರುತ್ತದೆ, ನಿಮ್ಮ ರಿಲೇ ಹೋಗುತ್ತಿದ್ದದ್ದು ಅದಕ್ಕೇ ಇರಬೇಕು. ಪಕ್ಕದ ತೋಟದವರ ಜೊತೆ ಮಾತಾಡಿ ಹೊತ್ತು ಹಂಚಿಕೊಂಡರೆ ಎಲ್ಲರ ಮೋಟರಿಗೂ ಒಳ್ಳೆಯದು. ಈಗ ಮೀಟರಿನ ಅಂಕಿಯನ್ನೇ ತೋರಿಸಿ ಕೇಳಬಹುದು.

ಮತ್ತೆ ಮಳೆಗಾಲ ಶುರುವಾಗುವ ಮೊದಲು ಕೇಬಲ್ ಬರುವ ತೂತಿಗೆಲ್ಲ ಗ್ಲಾಂಡ್ (ಕೇಬಲ್ ಸುತ್ತ ಸಂದಿ ಇಲ್ಲದಂತೆ ಬಿಗಿಯುವ ಬಿರಡೆ) ಹಾಕಿಸಿ, ಎಲ್ಲವೂ ಪ್ಯಾನೆಲ್ಲಿನ ಕೆಳಗಿನಿಂದ ಬರಲಿ. ಇರುವೆ, ಹಲ್ಲಿ, ತೇವ ಮೂರೂ ಬರುವುದು ಆ ತೂತಿನಿಂದಲೇ. ಶಾರ್ಟಿಂಗ್ ಲಿಂಕಿನ ಪಕ್ಕ 'ಮೊದಲು ಲಿಂಕ್ ಹಾಕಿ, ಆಮೇಲೆ ವೈರು ಬಿಚ್ಚಿ' ಅಂತ ಕನ್ನಡದಲ್ಲಿ ಬರೆದು ಅಂಟಿಸಿಬಿಡಿ ಅಕ್ಕ. ಮುಂದಿನ ಸಲ ಬೇರೆ ಎಲೆಕ್ಟ್ರಿಷಿಯನ್ ಬರಬಹುದು.